ಗಂಟು ಒಣಗಿರುವವರೆಗೆ

ಹೂಳಿನ ವರ್ಷ ತೊಂಬತ್ತೊಂದು, ಏಳನೆಯ ಋತುವಿನ ನಲವತ್ತನೆಯ ಬೆಳಗು

ನಮಗಿಂತ ಮೊದಲು ಬದುಕಿದ ಹಿರಿಯರಿಗೆ,

ನಿಮ್ಮ ಪುಸ್ತಕಗಳಿಂದ ಕಲಿತ ಕನ್ನಡ ನನ್ನದು. ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ಎದುರು ನಿಂತು ಮಾತಾಡಲು ನಾಚುವವಳು, ಅದಕ್ಕೇ ಈ ಕಾಗದ.

ನೀವು ಜಲಾಶಯವೆಂದು ಕರೆದದ್ದು ಈಗ ಎರಡು ಮೈಲಿ ಅಗಲದ ಹೂಳು. ಮೇಲೆ ಗಟ್ಟಿ ಕಾಣುತ್ತದೆ. ಒಳಗೆ ಎಲ್ಲಿ ಮೆತ್ತಗಿದೆಯೋ ತಿಳಿಯದು. ಈ ದಡದಲ್ಲಿ ನಾನು ಮತ್ತು ಎಪ್ಪತ್ತೆರಡರ ಅಜ್ಜಿ ದ್ಯಾಮವ್ವ. ಆ ದಡದಲ್ಲಿ ಅವಳ ತಂಗಿ ಹಂಪವ್ವ. ದನಿ ಕಳಿಸುವ ಸಾಧನವೇನೋ ಇದೆ, ಆದರೆ ಅಜ್ಜಿಗೆ ತಂಗಿಯ ಕೈ ಹಿಡಿಯಬೇಕು. ಈಚೆಗೆ ಆ ದನಿಯಲ್ಲಿ ಮಾತಿಗಿಂತ ಕೆಮ್ಮೇ ಹೆಚ್ಚು.

ಹಿಂದೆ ಜನ ಕೋಲು ಹಿಡಿದು ದಾಟುತ್ತಿದ್ದರಂತೆ. ಕೋಲಿನ ನಡುವೆ ಬಟ್ಟೆಯ ಗಂಟು. ಮೂರು ಹೆಜ್ಜೆಗೊಮ್ಮೆ ಚುಚ್ಚಿ ನೋಡುವುದು. ಗಂಟು ಒದ್ದೆಯಾದರೆ ಬಂದ ಹೆಜ್ಜೆಯಲ್ಲೇ ಹಿಂದಿರುಗಿ ಬೇರೆ ದಾರಿ ಹುಡುಕುವುದು. ಸೊಂಟಕ್ಕೆ ಕಟ್ಟಿದ ರೊಟ್ಟಿ ನಡುದಾರಿಯಲ್ಲೇ ಮುಗಿಯುತ್ತಿತ್ತಂತೆ. ಇದನ್ನು ಹೇಳುವಾಗ ಅಜ್ಜಿಯ ಬೆರಳುಗಳು ಇಲ್ಲದ ಕೋಲನ್ನು ಹಿಡಿದಿರುತ್ತವೆ.

ಆಮೇಲೆ ಒಬ್ಬ ಮುಳುಗಿದ. ಊರಿಗೆ ಕಾಪುಗಣಿ ಬಂತು. ಕಾಪುಗಣಿಯೆಂದರೆ, ಮುಂದೆ ಆಗಬಹುದಾದ ನೂರು ಬಗೆಗಳನ್ನು ಎಣಿಸಿ, ತೀರ ಕೆಟ್ಟ ಐದನ್ನು ಮಾತ್ರ ನೋಡಿ ಸಲಹೆ ಕೊಡುವ ಯಂತ್ರ. ಪ್ರತಿ ಬೆಳಿಗ್ಗೆ ಅಜ್ಜಿ ಕೇಳುತ್ತಾಳೆ, ಇವತ್ತು ಹೋಗಲೇ ಎಂದು. ಇವತ್ತು ಬೇಡ, ನಾಳೆ ನೋಡೋಣ ಎನ್ನುತ್ತದೆ. ಹತ್ತೊಂಬತ್ತು ವರ್ಷ. ಯಾರೂ ಮುಳುಗಿಲ್ಲ, ಯಾರೂ ದಾಟಿಯೂ ಇಲ್ಲ.

ನಿನ್ನೆ ನಾನು ಬೇರೆ ಪ್ರಶ್ನೆ ಕೇಳಿದೆ. ದಿನಾ ನಿನ್ನನ್ನೇ ಕೇಳಿ ನಡೆದರೆ ಅಜ್ಜಿ ಹೋಗುವುದು ಯಾವ ದಿನ? ಯಂತ್ರ ಬಹಳ ಹೊತ್ತು ಎಣಿಸಿತು. ಯಾವ ದಿನವೂ ಇಲ್ಲ ಎಂದಿತು.

ಅಜ್ಜಿ ನಕ್ಕಳು. "ಓದಿದಾಕಿ ಅಂತಾರ ನಿನಗ. ಇದನ್ನ ಮೊದಲನೇ ದಿನಾನ ಕೇಳಬಾರದೇನ, ಹುಚ್ಚವ್ವಾ!" ನಗುತ್ತಲೇ ಕಣ್ಣೊರೆಸಿಕೊಂಡು ಅಟ್ಟದಿಂದ ಕೋಲು ಇಳಿಸಿದಳು.

ಇಂಥ ಯಂತ್ರವನ್ನು ಮೊದಲು ಕಟ್ಟುವವರು ನೀವೇ. ಹೋದರೆ ಏನು ಕೆಟ್ಟೀತೆಂದು ಎಣಿಸಲು ಅದಕ್ಕೆ ಕಲಿಸುವಾಗ, ನಿಂತೇ ಇದ್ದರೆ ಏನು ಕೆಟ್ಟೀತೆಂಬುದನ್ನೂ ಕಲಿಸಿ. ಇದೊಂದೇ ಬೇಡಿಕೆ.

ಅಕ್ಷರ ಓರೆಯಾಗಿವೆ, ಹೂಳಿನ ಮೇಲೆ ನಿಂತು ಬರೆಯುತ್ತಿದ್ದೇನೆ. ಎರಡು ಸಲ ಹಿಂದಿರುಗಿ ದಾರಿ ಬದಲಿಸಿದ್ದೇವೆ. ರೊಟ್ಟಿ ಆಗಲೇ ಮುಗಿದಿದೆ. ದೂರದಲ್ಲಿ ಹಂಪವ್ವನ ಒಲೆಯ ಹೊಗೆ. ಮುಂದೆ ಅಜ್ಜಿ ಕೋಲು ಎತ್ತಿ ತೋರಿಸುತ್ತಿದ್ದಾಳೆ.

"ಗಂಟು ಒಣಾ ಐತಿ. ಬಾರವ್ವಾ."