ಕಿತ್ತಳೆ ಪರದೆಯ ಕೋಣೆ

ಫೆಬ್ರವರಿ 10, ಸೋಮವಾರ

ಮಗು ಬೆಳಗಿನಿಂದ ಎರಡೇ ಸಲ ಹಾಲು ಕುಡಿದಿದೆ. ಹೇಳಿದವರು ಅತ್ತೆ. ನಾನು ನಿದ್ದೆಯಲ್ಲಿದ್ದೆ, ಎರಡನೆಯ ಸಲ ಅವರೇ ಎತ್ತಿ ನನ್ನ ಮೊಲೆಗೆ ಹಿಡಿದರಂತೆ. ಸ್ವಲ್ಪ ಚೀಪಿ ಬಿಟ್ಟುಬಿಟ್ಟಿತಂತೆ.

ಹುಟ್ಟಿದ್ದು ಶನಿವಾರ. ಗಂಡು. ಒಳ್ಳೆಯ ತೂಕ, ಜೋರು ಅಳು. ಮರುದಿನವೇ ಹೆರಿಗೆ ಕ್ಲಿನಿಕ್ಕಿನಿಂದ ಕಡಲ ದಂಡೆಯ ಟೆಶಿ ಊರಿಗೆ, ಅತ್ತೆಯ ಮನೆಗೆ ಬಂದೆವು. ಎಂಟನೆಯ ದಿನದ ನಸುಕಿನವರೆಗೆ ಮಗು ಈ ಕೋಣೆ ಬಿಟ್ಟು ಹೊರಗೆ ಬರುವಂತಿಲ್ಲ. ಅಲ್ಲಿಯವರೆಗೆ ಅದು ಅತಿಥಿ. ಇರುತ್ತದೋ ಹೊರಡುತ್ತದೋ ನೋಡಿಕೊಂಡು ಆಮೇಲೆ ಹೆಸರು. ನಾನು ಹುಟ್ಟಿದಾಗಲೂ ಹೀಗೇ, ನನ್ನ ಗಂಡ ಅಮರ್ಕಾಯ್ ಹುಟ್ಟಿದಾಗಲೂ ಹೀಗೇ.

ಕಿಟಕಿಗೆ ಕಿತ್ತಳೆ ಬಣ್ಣದ ದಪ್ಪ ಪರದೆ. ಒಳಗೆ ಎಲ್ಲವೂ ಕಿತ್ತಳೆ — ಗೋಡೆ, ಗಂಜಿಯ ಬಟ್ಟಲು, ಅತ್ತೆಯ ಕೈ. ಮಗುವೂ.

ನಾದಿನಿ ಅಫೊಲೆ ಬಾಗಿ ನೋಡಿ, "ಅತ್ತಿಗೆ, ನಿಜ ಹೇಳಿಬಿಡಿ, ಬಂದರಿಗೆ ಯಾವ ಬಿಳೀ ಕ್ಯಾಪ್ಟನ್ ಬಂದಿದ್ದ?" ಅಂದಳು. ನಗು ಬಂತು, ಹೊಲಿಗೆ ಎಳೆಯಿತು. ಅತ್ತೆ ಅವಳ ಬೆನ್ನಿಗೊಂದು ಕೊಟ್ಟರು. ಮಕ್ಕಳು ಹುಟ್ಟುವಾಗ ತಿಳಿಯಾಗೇ ಇರುತ್ತವೆ, ನಿಜವಾದ ಬಣ್ಣ ಕಿವಿಯ ಅಂಚಿನಲ್ಲಿದೆ, ಅಲ್ಲಿ ನೋಡು ಅಂದರು. ನೋಡಿದೆವು. ಅಪ್ಪನ ಬಣ್ಣವೇ.

ಮಧ್ಯಾಹ್ನ ಅತ್ತೆ ತಗಡಿನ ಪೆಟ್ಟಿಗೆ ತೆಗೆದರು. ಅಮರ್ಕಾಯ್ ಮಗುವಾಗಿದ್ದಾಗಿನ ಅಂಗಿ, ಟೋಪಿ, ಹೊದಿಕೆ. ಇಷ್ಟು ವರ್ಷವಾದರೂ ನಿನ್ನೆ ಒಗೆದ ಹಾಗೆ ಬೆಳ್ಳಗಿವೆ. ಕೊಡವಿ ಹಾಗೇ ತೊಡಿಸಿದರು. ಕೋಣೆಯೆಲ್ಲ ನುಸಿಗುಳಿಗೆಯ ವಾಸನೆ.

ಫೆಬ್ರವರಿ 11, ಮಂಗಳವಾರ

ಇವತ್ತು ಕ್ಲಿನಿಕ್ಕಿಗೆ ಹೋಗಬೇಕಿತ್ತು. ಹೋಗಲಿಲ್ಲ. ಮನೆಗೆ ಕಳಿಸುವಾಗ ನರ್ಸ್ ಹೇಳಿದ್ದಳು, ಮೂರನೆಯ ದಿನ ತಂದು ತೋರಿಸಿ ಎಂದು. ಅತ್ತೆ ಎಂಟನೆಯ ದಿನದ ನಂತರ ಎಂದರು. ಅಮರ್ಕಾಯ್ ನಡುವೆ ನಿಂತು ಇಬ್ಬರ ಮುಖವನ್ನೂ ನೋಡಿ ಕೆಲಸಕ್ಕೆ ಹೊರಟ. ಅವನಿಗೆ ಟೆಮಾ ಬಂದರಿನಲ್ಲಿ ಲಾರಿ ತೂಗುವ ಕೆಲಸ. ಅಲ್ಲಿ ತೂಕ ಹೆಚ್ಚಾದರೆ ಲಾರಿಯನ್ನು ಖಂಡಿತವಾಗಿ ವಾಪಸ್ ಕಳಿಸುತ್ತಾನೆ. ಮನೆಯಲ್ಲಿ ಆಗುವುದಿಲ್ಲ.

ನರ್ಸ್‌ಗೆ ಫೋನ್ ಮಾಡಿದೆ. ಮಗು ಹಳದಿಯಾಗಿದೆಯೇ ಎಂದು ಕೇಳಿದಳು. ಮೂಗಿನ ತುದಿ ಒತ್ತಿ ಬಿಡಿ, ಒತ್ತಿದ ಕಡೆ ಯಾವ ಬಣ್ಣ ಬರುತ್ತದೆ ನೋಡಿ — ಹಗಲು ಬೆಳಕಿನಲ್ಲಿ ಅಂದಳು.

ಒತ್ತಿದೆ. ಹಳದಿ.

ನನ್ನ ಅಂಗೈ ಒತ್ತಿ ನೋಡಿಕೊಂಡೆ. ಅದೂ ಹಳದಿ. ಪರದೆಯ ಬಣ್ಣ. ಏನೂ ಸಾಬೀತಾಗಲಿಲ್ಲ.

ಫೆಬ್ರವರಿ 12, ಬುಧವಾರ

ನಿದ್ದೆ. ಬೆಳಗಿನಿಂದ ನಿದ್ದೆಯೇ. ಅಂಗಾಲಿಗೆ ಬೆರಳು ಚಿಮ್ಮಿದರೆ ಕಣ್ಣು ಅರ್ಧ ತೆರೆಯುತ್ತಾನೆ, ನಾಲ್ಕು ಗುಟುಕು, ಮತ್ತೆ ನಿದ್ದೆ. ಇಷ್ಟು ಸಾಧು ಮಗುವನ್ನು ಕಂಡೇ ಇಲ್ಲ ಎಂದು ಅತ್ತೆ ಓಣಿಗೆಲ್ಲ ಹೇಳಿದ್ದಾರಂತೆ. ಅಫೊಲೆ ಹೇಳಿದ್ದು.

ಒದ್ದೆ ಬಟ್ಟೆಯ ಮೇಲೆ ಗಾಢ ಕಲೆ. ಚಹಾ ಚೆಲ್ಲಿದ ಹಾಗೆ. ಅಥವಾ ಪರದೆ...

ಪರದೆಯ ಅಂಚು ಸರಿಸಿದೆ. ಅಷ್ಟರಲ್ಲಿ ಅತ್ತೆ ಒಳಗೆ ಬಂದರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ. ಬಂದು ಪರದೆ ಎಳೆದು, ಹಾಸಿಗೆಯ ತುದಿಗೆ ಕುಳಿತರು. ಅಮರ್ಕಾಯ್ ಆದಮೇಲೆ ಒಂದು ಹೆಣ್ಣು ಹುಟ್ಟಿತ್ತಂತೆ. ನನಗೆ ಗೊತ್ತೇ ಇರಲಿಲ್ಲ. ಹೆಸರಿಲ್ಲದ್ದರಿಂದ ಯಾರೂ ಅದರ ಮಾತೆತ್ತುವುದಿಲ್ಲ.

"ಐದನೇ ದಿನ ಬಿಸಿಲಿಗೆ ತಂದಿದ್ದೆ, ಮಗಳೇ. ಸಣ್ಣ ಬಿಸಿಲು, ಎಳೇ ಬಿಸಿಲು. ಆರನೇ ದಿನ ಹೋಯ್ತು. ನಿನ್ನ ಮಾವ ಒಂದ್ ಮಾತು ಅನ್ನಲಿಲ್ಲ. ಅಂದಿದ್ರೆ ಚೆನ್ನಾಗಿರ್ತಿತ್ತು."

ಯಾಕೆ ಬಿಸಿಲಿಗೆ ತಂದಿರಿ ಎಂದು ಕೇಳಬೇಕಿತ್ತು. ಅದರ ಮೈ ಯಾವ ಬಣ್ಣವಾಗಿತ್ತು ಎಂದು ಕೇಳಬೇಕಿತ್ತು.

ಫೆಬ್ರವರಿ 14, ಶುಕ್ರವಾರ

ಅಂಗಳದಲ್ಲಿ ನಾಳೆಗೆ ತಯಾರಿ. ಜೋಳದ ಸಿಹಿಗಳ್ಳು ಇಳಿಸಿದ್ದಾರೆ, ಮೀನು ಹುರಿಯುತ್ತಿದ್ದಾರೆ. ಬಾಡಿಗೆ ಕುರ್ಚಿ ಬಂದವು. ತೀರಿಹೋದ ಮಾವನ ಅಣ್ಣ, ನಾವು ದೊಡ್ಡಮಾವ ಅನ್ನುವವರು, ಲಬಾಡಿಯಿಂದ ಬಂದಿಳಿದಿದ್ದಾರೆ. ಮಗುವನ್ನು ಆಕಾಶಕ್ಕೆ ಎತ್ತಿ ತೋರಿಸುವವರು ಅವರೇ.

ಅಳು ಬದಲಾಗಿದೆ. ತೆಳ್ಳಗೆ, ಮೇಲಿನ ಸ್ವರದಲ್ಲಿ. ಹಸಿವಿನ ಅಳು ಅಲ್ಲ, ಎತ್ತಿಕೊಂಡರೆ ಹೆಚ್ಚಾಗುತ್ತದೆ. ಎತ್ತಿದಾಗ ತಲೆ ಹಿಂದಕ್ಕೆ ಹೋಗುತ್ತದೆ, ಬೆನ್ನು ಸೆಟೆಯುತ್ತದೆ. "ಈಗ್ಲೇ ಗತ್ತು ನೋಡಿ, ನಮ್ಮ ಕಡೆ ತಿರುಗಿಯೂ ನೋಡಲ್ಲ," ಅಂದಳು ಅಫೊಲೆ. ಅಂದಮೇಲೆ ಬಾಗಿ ಮತ್ತೆ ನೋಡಿದಳು. ಅವಳಿಗೂ ಏನೋ ಕಂಡಿದೆ.

ಅಮರ್ಕಾಯ್ ಬರುತ್ತಲೇ ಹೇಳಿದೆ. ಈಗಲೇ, ದೊಡ್ಡಾಸ್ಪತ್ರೆಗೆ. ಅವನು ಮಗುವನ್ನು ಬಹಳ ಹೊತ್ತು ನೋಡಿದ. ಹೊರಗೆ ಹೋಗಿ ಅಮ್ಮನ ಹತ್ತಿರ ಮಾತಾಡಿದ. ತಿರುಗಿ ಬಂದ.

"ಬೆಳಗಾದ್ರೆ ಸಾಕು, ಶೋರ್ಮೆ. ಒಂದೇ ರಾತ್ರಿ. ಹೆಸರಾದ ತಕ್ಷಣ ನಾನೇ ಕರ್ಕೊಂಡ್ ಹೋಗ್ತೀನಿ."

ಒಪ್ಪಿದೆ.

ಫೆಬ್ರವರಿ 15, ಶನಿವಾರ. ಆಸ್ಪತ್ರೆಯ ಬೆಂಚು

ಮಗುವನ್ನು ಒಳಗೆ ಒಯ್ದಿದ್ದಾರೆ. ನನ್ನನ್ನು ಬಿಡುತ್ತಿಲ್ಲ. ಕೈ ಸುಮ್ಮನಿರಲಿ ಎಂದು ಬರೆಯುತ್ತಿದ್ದೇನೆ.

ನಸುಕಿಗೆ ಅಂಗಳಕ್ಕೆ ತಂದೆವು. ದೊಡ್ಡಮಾವ ಬಟ್ಟೆ ಬಿಚ್ಚಿ, ಆಕಾಶಕ್ಕೆ ಎತ್ತಿ ಪ್ರಾರ್ಥನೆ ಮಾಡಿದರು. ಬರಿನೆಲದ ಮೇಲೆ ಮಲಗಿಸಿದರು. ಮಾಡಿನ ಮೇಲೆ ನೀರು ಚೆಲ್ಲಿದರು, ಅದು ಹನಿದು ಮಗುವಿನ ಮೈಮೇಲೆ ಬಿತ್ತು. ಬೇರೆ ಮಕ್ಕಳು ಆಗ ಬೆಚ್ಚಿ ಕಿರುಚುತ್ತವೆ, ಜನ ನಗುತ್ತಾರೆ. ಇವನು ಕೈ ಬಿಗಿಹಿಡಿದು ಹಿಂದಕ್ಕೆ ಬಾಗಿದ. ಸದ್ದಿಲ್ಲ.

ಅಷ್ಟರಲ್ಲಿ ಬೆಳಕಾಯಿತು. ಬೂದಿ ಬಣ್ಣದ ಬೆಳಕು, ಧೂಳಿನ ಗಾಳಿಯ ತಿಂಗಳ ಬೆಳಕು. ಕ್ಲಿನಿಕ್ ಬಿಟ್ಟಮೇಲೆ ನನ್ನ ಮಗನನ್ನು ಮೊದಲ ಸಲ ಹಗಲಿನಲ್ಲಿ ನೋಡಿದೆ. ಹಣ್ಣಾದ ಮಾವಿನ ಸಿಪ್ಪೆಯ ಹಾಗೆ. ಹೊಟ್ಟೆ, ತೊಡೆ, ಅಂಗಾಲು. ಕಣ್ಣು ತೆರೆದ — ಬಿಳಿ ಇರಬೇಕಾದಲ್ಲಿ ಬಿಳಿ ಇಲ್ಲ.

ಹಿಂದಿನಿಂದ ಯಾರೋ ಹೆಂಗಸು, ಬಂಗಾರದಂಥ ಮಗು ಅಂದಳು.

ದೊಡ್ಡಮಾವ ಪ್ರಾರ್ಥನೆ ನಿಲ್ಲಿಸಿದ್ದರು. ಮುಂದೆ ಇನ್ನೂ ಬಹಳವಿತ್ತು: ಪೂರ್ವಜರನ್ನು ಕರೆಯಬೇಕು, ಸಿಹಿಗಳ್ಳಿನ ಬಟ್ಟಲು ಎಲ್ಲರ ಕೈಗೂ ಸುತ್ತಬೇಕು, ಬಂದವರೆಲ್ಲ ಹೆಸರು ಹಿಡಿದು ಕರೆಯಬೇಕು. ಅವರು ಬಾಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿದರು. ನೀ ಅಡೊಟೆ. ಎತ್ತಿ ನನ್ನ ಕೈಗೆ ಕೊಟ್ಟರು.

"ಹೆಸರಾಯ್ತು. ಈಗ ಇವನು ಅತಿಥಿ ಅಲ್ಲ, ನಮ್ಮವನು. ನಮ್ಮವನನ್ನ ಸಾಯಕ್ಕೆ ಬಿಡಲ್ಲ ನಾವು. ಹೊರಡಿ."

ಅತ್ತೆ ಅದೇ ಅಂಗಿ ತೊಡಿಸಿ, ಅದೇ ಹೊದಿಕೆ ಸುತ್ತಿ, ತಾವೂ ಟ್ಯಾಕ್ಸಿ ಹತ್ತಿದರು. ದಾರಿಯುದ್ದಕ್ಕೂ ಅವರ ಕೈ ಮಗುವಿನ ಕಾಲ ಮೇಲಿತ್ತು.

ಅದೇ ದಿನ, ಸಂಜೆ

ರಕ್ತ ಬದಲಿಸುತ್ತಾರಂತೆ. ಮೈಯಲ್ಲಿರುವುದನ್ನು ಸ್ವಲ್ಪ ಸ್ವಲ್ಪವೇ ತೆಗೆದು ಬೇರೆಯದನ್ನು ತುಂಬುವುದು. ಅಮರ್ಕಾಯ್ ರಕ್ತಕ್ಕಾಗಿ ಓಡುತ್ತಿದ್ದಾನೆ. ಬಂದರಿನ ಗೆಳೆಯರು ತೋಳು ಮಡಿಸಿ ಸಾಲು ನಿಂತಿದ್ದಾರೆ ಎಂದು ಫೋನ್ ಮಾಡಿದ್ದ. ಅಲ್ಲಿಯವರೆಗೆ ಹಳದಿ ಇಳಿಸುವ ನೀಲಿ ದೀಪದ ಕೆಳಗೆ, ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದ್ದಾರೆ. ಒಮ್ಮೆ ಕರೆಂಟು ಹೋಯಿತು. ಜನರೇಟರ್ ಶುರುವಾಗುವವರೆಗೆ ಆ ದೀಪವೂ ಆರಿತ್ತು.

ಫೆಬ್ರವರಿ 16, ಭಾನುವಾರ

ರಕ್ತ ಬದಲಿಸಿಯಾಯಿತು. ಉಸಿರಾಡುತ್ತಿದ್ದಾನೆ. ಹಳದಿಯ ಮಟ್ಟ ಇಳಿಯುತ್ತಿದೆ. ಡಾಕ್ಟರ್ ಸೆರ್ವಾ ಹೇಳಿದ್ದು. ಗಿಡ್ಡ ಹೆಂಗಸು, ಮಾತು ನೇರ. ಅತ್ತೆ, ನಾನು ಇಬ್ಬರೂ ಅವರ ಮೇಜಿನ ಮುಂದೆ.

ನಮ್ಮ ಮನೆಯ ಗಂಡಸರಲ್ಲಿ ಯಾರಿಗಾದರೂ ಔಷಧಿ ತಿಂದಮೇಲೆ ಕಣ್ಣು ಹಳದಿಯಾಗಿತ್ತೇ ಎಂದು ಕೇಳಿದರು. ನನ್ನ ತಮ್ಮ ಓಕಾಯ್‌ಗೆ. ಮಲೇರಿಯಾ ಮಾತ್ರೆ ನುಂಗಿದ್ದ; ಮೂತ್ರ ಕೋಲಾ ಪಾನೀಯದ ಹಾಗೆ ಕಪ್ಪಗೆ, ಕಣ್ಣು ಅರಿಶಿನ. ವಾರದಲ್ಲಿ ಎದ್ದು ಚೆಂಡಾಡಲು ಹೋದ. ನಮ್ಮಮ್ಮ ತಾಳೆಎಣ್ಣೆ ಹೆಚ್ಚಾಯಿತು ಅಂದಿದ್ದಳು.

ಡಾಕ್ಟರ್ ತಲೆಯಾಡಿಸಿದರು. ಕೆಂಪು ರಕ್ತಕಣವನ್ನು ಕಾಯುವ ವಸ್ತುವೊಂದು ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ. ತಾಯಿಯಿಂದ ಮಗನಿಗೆ ಬರುತ್ತದೆ, ತಾಯಿಗೆ ಹೆಚ್ಚಾಗಿ ಏನೂ ಆಗುವುದಿಲ್ಲ. ಕೆಲವು ಮಾತ್ರೆ, ಕೆಲವು ಹೊಗೆ-ವಾಸನೆ ತಗಲಿದರೆ ಕಣ ಒಡೆಯುತ್ತದೆ. ಒಡೆದದ್ದು ಹಳದಿಯಾಗಿ ಮೈಯಲ್ಲಿ ಸೇರುತ್ತದೆ.

"ದೊಡ್ಡವರಲ್ಲಿ ಹಳದಿ ಒಂದು ಗುರುತು ಅಷ್ಟೆ. ಲಿವರ್ ಕೆಟ್ಟಿದೆ, ಇಲ್ಲಾ ರಕ್ತ ಒಡೀತಿದೆ ಅಂತ ಹೇಳತ್ತೆ. ಹಸುಗೂಸಿಗೆ ಹಾಗಲ್ಲಮ್ಮ. ಲಿವರ್ ಇನ್ನೂ ಪಳಗಿರಲ್ಲ, ಹಳದಿ ಏರ್ತಾ ಹೋಗಿ ಮೆದುಳಿಗೇ ಇಳಿಯತ್ತೆ. ಅಲ್ಲಿ ಹಳದಿಯೇ ವಿಷ."

ಆಮೇಲೆ ಮೇಜಿನ ಬದಿಯ ಚೀಲದಿಂದ ಹೊದಿಕೆ ತೆಗೆದರು. ಮೂಗಿನ ಹತ್ತಿರ ಹಿಡಿದರು. ಇದು ಯಾರದು ಎಂದು ಕೇಳಿದರು.

ಅತ್ತೆ ನೆಟ್ಟಗೆ ಕುಳಿತರು. "ನನ್ನ ಮಗಂದು. ಎಷ್ಟು ವರ್ಷ ಆಯ್ತು ನೋಡಿ, ಒಂದು ಹುಳ ಮುಟ್ಟಿಲ್ಲ."

ಡಾಕ್ಟರ್ ಹೊದಿಕೆ ಮಡಿಸಿ ಕೆಳಗಿಟ್ಟರು. ಆ ಹೊತ್ತಿನಲ್ಲೇ ನನಗೆ ಅರ್ಥವಾಯಿತು. ನುಸಿಗುಳಿಗೆಯ ಆವಿ ಈ ಮಕ್ಕಳಿಗೆ ಆಗುವುದಿಲ್ಲ ಎಂದು ಅವರು ನಿಧಾನವಾಗಿ, ಯಾರ ಕಡೆಯೂ ನೋಡದೆ ಹೇಳಿದರು. ವಾರದಲ್ಲಿ ಒಂದಾದರೂ ಮಗು ಹೀಗೆ ಬರುತ್ತದಂತೆ. ಎಲ್ಲರ ಮನೆಯಲ್ಲೂ ಒಂದು ಪೆಟ್ಟಿಗೆ.

"ಅಮರ್ಕಾಯ್‌ಗೆ ಏನೂ ಆಗಲಿಲ್ಲವಲ್ಲ," ಅಂದರು ಅತ್ತೆ. ವಾದಕ್ಕಲ್ಲ. ಕೇಳಿದ್ದು.

ಅವನಲ್ಲಿ ಆ ಕೊರತೆ ಇಲ್ಲ. ಬಟ್ಟೆ ಅವರದು, ರಕ್ತ ನನ್ನದು.

ಫೆಬ್ರವರಿ 19, ಬುಧವಾರ

ತಾನಾಗಿಯೇ ಮೊಲೆ ಹಿಡಿದ. ಬೆನ್ನು ಸಡಿಲವಾಗಿದೆ. ಕಣ್ಣಿನ ಬಿಳಿ ಕೊಳಕು ಬಿಳಿ, ಆದರೂ ಬಿಳಿ.

ಮೆದುಳಿಗೆ ಪೆಟ್ಟಾಗಿದೆಯೇ ಎಂದು ಕೇಳಿದೆ. ಡಾಕ್ಟರ್ ಸೆರ್ವಾ, ಈಗ ಹೇಳಲಾರೆ ಅಂದರು. ಕತ್ತು ನಿಲ್ಲುವುದು, ಕೈ ಆಡುವುದು, ಕಣ್ಣು ಮೇಲೆತ್ತುವುದು — ಎಲ್ಲ ಕಾದು ನೋಡಬೇಕು. ಎಲ್ಲಕ್ಕಿಂತ ಮೊದಲು ಹೋಗುವುದು ಕಿವಿಯಂತೆ.

ಫೆಬ್ರವರಿ 27

ಮನೆ. ಪರದೆ ಇಲ್ಲ. ಅತ್ತೆಯೇ ಬಿಚ್ಚಿದ್ದಾರೆ, ಕಂಬಿ ಸಮೇತ. ಪೆಟ್ಟಿಗೆಯೂ ಕಾಣಲಿಲ್ಲ. ಸಮುದ್ರದ ಕಡೆ ಒಯ್ದು ಸುಟ್ಟರು ಎಂದು ಅಫೊಲೆ ಹೇಳಿದಳು; ಟೋಪಿ ಬೇಗ ಹತ್ತಿಕೊಳ್ಳಲಿಲ್ಲವಂತೆ, ನಿಂತು ಎರಡು ಸಲ ಬೆಂಕಿ ಹಚ್ಚಿದರಂತೆ.

ನೆಂಟರು ಬಂದು, ಶಾಸ್ತ್ರ ಮುಗಿಯುವ ಮೊದಲೇ ಹೊಸಿಲು ದಾಟಿಸಿದ್ದೇ ತಪ್ಪು, ಯಾರದೋ ಕಣ್ಣು ಬಿತ್ತು ಅಂದರು. ಅತ್ತೆ, "ಕಣ್ಣೂ ಇಲ್ಲ ಮಣ್ಣೂ ಇಲ್ಲ, ಕೆಂಕೆ ಕಡುಬು ತಣ್ಣಗಾಗತ್ತೆ, ತಿನ್ನಿ," ಅಂದರು. ತಾವು ಮಾತ್ರ ತಿನ್ನಲಿಲ್ಲ.

ಮಾರ್ಚ್ 22

ಕತ್ತು ಸ್ವಲ್ಪ ನಿಲ್ಲುತ್ತಿದೆ. ದೀಪದ ಕಡೆ ನೋಡುತ್ತಾನೆ. ನನ್ನ ಮುಖ ಕಂಡರೆ ಬಾಯಿ ತೆರೆಯುತ್ತಾನೆ. ಎಲ್ಲ ಒಳ್ಳೆಯದೇ.

ಮನೆಯಲ್ಲಿ ಎಲ್ಲರೂ ಕದ್ದು ಪರೀಕ್ಷೆ ಮಾಡುತ್ತಿದ್ದಾರೆ. ಅಮರ್ಕಾಯ್ ಹಿಂದಿನಿಂದ ಬಂದು ಬೀಗದಕೈ ಗೊಂಚಲು ಅಲ್ಲಾಡಿಸುತ್ತಾನೆ. ದೊಡ್ಡಮಾವ ಬಂದಾಗಲೆಲ್ಲ ಅದೇ ಕಿವಿಯಲ್ಲಿ ಹೆಸರು ಹೇಳುತ್ತಾರೆ, ಸ್ವಲ್ಪ ಜೋರಾಗಿ. ಒಮ್ಮೆ ತಿರುಗಿದ ಹಾಗಿತ್ತು. ಗಾಳಿ ತಾಗಿರಬಹುದು. ಮಾಡಬೇಡಿ ಎಂದೆ. ಆಸ್ಪತ್ರೆಯಲ್ಲಿ ಯಂತ್ರವಿದೆ, ಅದು ಹೇಳಲಿ.

ಅತ್ತೆ ಮಾತ್ರ ಯಾವುದನ್ನೂ ಮಾಡುವುದಿಲ್ಲ. ಮಗುವನ್ನು ಎದೆಗೆ ಒತ್ತಿಕೊಂಡು ಹಾಡುತ್ತಾರೆ. ಕೇಳದಿದ್ದರೂ ಎದೆ ಅದುರುವುದು ತಿಳಿಯುತ್ತದಲ್ಲ ಅಂದರು ಒಮ್ಮೆ. ಆಮೇಲೆ ಹಾಗೆ ಅಂದದ್ದಕ್ಕೆ ಬಾಯಿಗೆ ಕೈ ಹಿಡಿದುಕೊಂಡರು.

ಮೇ 5, ಸೋಮವಾರ

ಮಧ್ಯಾಹ್ನ ಅಂಗಳದಲ್ಲಿ ಅಫೊಲೆಯ ಕೈ ಜಾರಿ ದೊಡ್ಡ ಹಂಡೆಯ ಬಿಸಿ ಮುಚ್ಚಳ ಸಿಮೆಂಟಿನ ಮೇಲೆ ಬಿತ್ತು. ಬೇಕೆಂದು ಬೀಳಿಸಿದ್ದಲ್ಲ, ಅವಳ ಕಾಲೂ ಸುಟ್ಟಿದೆ. ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು ಓಡಿತು. ಪಕ್ಕದ ಮನೆಯ ಕೂಸು ಚೀರಿತು. ನನ್ನ ಕೈಯ ಬಟ್ಟಲು ಚೆಲ್ಲಿತು.

ಅಡೊಟೆ ನನ್ನ ಮಡಿಲಲ್ಲಿದ್ದ. ನನ್ನ ಮುಖ ನೋಡುತ್ತಿದ್ದ. ನೋಡುತ್ತಲೇ ಇದ್ದ.

ಅತ್ತೆ ನೋಡಿದರು. ನಾನು ನೋಡಿದ್ದನ್ನೂ ನೋಡಿದರು. ಇಬ್ಬರೂ ಮುಚ್ಚಳ ಎತ್ತಲು ಹೋದೆವು.

ಇದು ಪರೀಕ್ಷೆಯಲ್ಲ. ಹಾಲು ಕುಡಿಯುವಾಗ ಮಕ್ಕಳಿಗೆ ಬೇರೆ ಗಮನ ಇರುವುದಿಲ್ಲ. ಆದರೆ ಅವನು ಆಗ ಹಾಲು ಕುಡಿಯುತ್ತ...

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಶ್ರವಣ ಪರೀಕ್ಷೆ. ಅಮರ್ಕಾಯ್ ರಜೆ ಹಾಕಿದ್ದಾನೆ.