ಅಣ್ಣನಲ್ಲಿ ಉಳಿದ ಅಕ್ಷರ

ಮಾರ್ಚ್ ೯, ಸಂಜೆ

ಪ್ರೀತಿಯ ಪುಟ್ಟಿ,

ಹೇಗಿದ್ದೀಯೇ? ನಿನ್ನ ಎರಡು ಪತ್ರಗಳಿಗೂ ಉತ್ತರಿಸಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ. ಬೈಯಿ, ಬೈಸಿಕೊಳ್ಳುತ್ತೇನೆ. ಅಣ್ಣನಿಗೆ ಲಕ್ವ ಹೊಡೆದ ಮೇಲೆ ಕೂತು ಬರೆಯುವಷ್ಟು ನೆಮ್ಮದಿ ಈ ಮನೆಯಲ್ಲಿಲ್ಲ.

ಎಷ್ಟು ಜನರನ್ನು ರೈಲು ಹತ್ತಿಸಿದ ಗಂಟಲು ಅದು! ನಿಲ್ದಾಣದ ಮೈಕಿನಲ್ಲಿ ಅವನು ಕೂಗಿದರೆ ತೂಕಡಿಸುತ್ತಿದ್ದವರೂ ಚೀಲ ಎತ್ತಿಕೊಂಡು ಓಡುತ್ತಿದ್ದರು. ಈಗ ಅದರಲ್ಲಿ ಉಳಿದಿರುವುದು ‘ಬಾ’ ಒಂದೇ. ಒಲೆಯ ಮುಂದಿದ್ದರೂ, ಬಚ್ಚಲಲ್ಲಿದ್ದರೂ ಗೋಡೆಯಾಚೆಯಿಂದ ‘ಬಾ… ಬಾ…’ ಓಡಿ ಹೋಗಿ ಪಕ್ಕದಲ್ಲಿ ಕೂತರೂ ನಿಲ್ಲುವುದಿಲ್ಲ. ಅವನು ನಿದ್ದೆ ಹೋದ ಮೇಲೂ ನನಗೆ ಕೇಳಿಸುತ್ತಿರುತ್ತದೆ.

ನನಗೂ ಹೋದ ವರ್ಷ ಇದೇ ಕಾಯಿಲೆ, ಮಿದುಳಿನ ಅದೇ ಭಾಗಕ್ಕೆ. ಬೇಸಿಗೆ ಕಳೆಯುವುದರೊಳಗೆ ಮಾತೂ ಬಂತು, ಕೈಯೂ ಬಂತು. ವ್ಯಾಯಾಮ ಮಾಡಿಸುವವನು ಅದನ್ನೇ ಹಿಡಿದುಕೊಂಡಿದ್ದ. “ನಿಮ್ಮ ತಂಗೀನ ನೋಡಿ, ಹಟ ಹಿಡಿದು ಎದ್ರು. ನೀವು ಮನಸ್ಸೇ ಮಾಡ್ತಿಲ್ಲ.” ಅಣ್ಣ ಗೋಡೆಯ ಕಡೆ ಹೊರಳಿಬಿಡುತ್ತಿದ್ದ.

ಸಂಶೋಧನೆಗೆಂದು ನಮ್ಮಿಬ್ಬರ ರಕ್ತ ತೆಗೆದುಕೊಂಡಿದ್ದ ಡಾಕ್ಟರಮ್ಮ ಹೋದ ವಾರ ಮನೆಗೇ ಬಂದರು. ವ್ಯಾಯಾಮದವನ ಎದುರಿಗೇ ನನಗೆ ಹೇಳಿದರು: “ಪೆಟ್ಟು ಬಿದ್ದ ಮಿದುಳು ಹೊಸ ದಾರಿ ಮಾಡ್ಕೋಬೇಕು. ಅದಕ್ಕೆ ನೆರವಾಗೋ ಒಂದು ಜೀನ್ ಇದೆ. ನಿಮ್ಮದು ಒಂದು ಥರ, ಇವರದು ಇನ್ನೊಂದು ಥರ. ಇವರು ನಿಧಾನ ಆಗೋದಕ್ಕೆ ಅದೂ ಕಾರಣ ಇರಬಹುದು. ಅದೊಂದೇ ಅಂತ ಹೇಳಕ್ಕಾಗಲ್ಲ, ಹಣೆಬರಹ ಅಂತೂ ಅಲ್ಲವೇ ಅಲ್ಲ. ಆದ್ರೆ ಮನಸ್ಸು ಮಾಡ್ತಿಲ್ಲ ಅಂತ ಇನ್ನೊಂದು ಸಲ ಯಾರೂ ಅನ್ಬೇಡಿ.”

“ಎಲ್ಲಿಂದ ಬಂತು ಇದು?” ಎಂದೆ.

“ಅಪ್ಪನಿಂದಲೋ, ಅಮ್ಮನಿಂದಲೋ.”

ಅಣ್ಣ ಬಿಕ್ಕಿಬಿಕ್ಕಿ ಅತ್ತ. ಅಂದಿನಿಂದ ಅವನನ್ನು ಯಾರೂ ಅವಸರಪಡಿಸುವುದಿಲ್ಲ.

ನಿನ್ನೆ ಮತ್ತೆ ‘ಬಾ’ ಎಂದ. “ಬಂದೆ ಕಣೋ, ಇಲ್ಲೇ ಇದೀನಲ್ಲ” ಎಂದೆ. ಸಿಟ್ಟಿನಿಂದ ತಲೆ ಅಲ್ಲಾಡಿಸಿದ. ಕಾದೆ. ಹಣೆ ಬೆವರಿತು, ತುಟಿ ನಡುಗಿತು. “ಬಾ… ಯಾ… ರಿ…”

ಬಾಯಾರಿಕೆ!

ನುಂಗುವಾಗ ಕೆಮ್ಮು ಬರುತ್ತದೆಂದು ನಾವು ನೀರನ್ನು ಎಷ್ಟು ಅಳೆದು ಕೊಡುತ್ತಿದ್ದೆವು! ತಲೆ ಎತ್ತಿ ಹಿಡಿದು, ಚಮಚ ಚಮಚವಾಗಿ ಕುಡಿಸಿದೆ. ಆಮೇಲೆ ಮನೆ ನಿಶ್ಶಬ್ದವಾಯಿತು.

ಬಿಪಿ ಮಾತ್ರೆ ತಪ್ಪಿಸಬೇಡ. ಸಾಧ್ಯವಾದಾಗ ಬಂದು ಹೋಗು. ಮಕ್ಕಳೊಂದಿಗೆ ತಣ್ಣಗಿರು ತಾಯಿ.

ನಿನ್ನ
ಅಕ್ಕ

ತಾ.ಕ.: ಅಮ್ಮ ಇದೇ ಲಕ್ವದಿಂದ ಹಾಸಿಗೆ ಹಿಡಿದಾಗ ನೀನು ಚಿಕ್ಕವಳು. ಕಡೆಯವರೆಗೂ ಅವಳ ಬಾಯಲ್ಲಿದ್ದದ್ದೂ ‘ಬಾ’ ಒಂದೇ. “ನಮ್ಮನ್ನ ಬಿಟ್ಟಿರಕ್ಕೇ ಆಗಲ್ಲ ಇವಳಿಗೆ” ಎಂದುಕೊಂಡು ಅಣ್ಣ, ನಾನು ಸರದಿಯಲ್ಲಿ ಹೋಗಿ ಕೈ ಹಿಡಿದು ಕೂರುತ್ತಿದ್ದೆವು. ಬರಿಗೈಯಲ್ಲಿ ಹೋಗುತ್ತಿದ್ದೆವು, ಪುಟ್ಟಿ.