ಅನುವಿನ ಗಾಡಿ ಬಂಡೆ ಹತ್ತಿದ್ದು

ಹೂಟಗಳ್ಳಿ, ಮೈಸೂರು
10-2-2025, ಸೋಮವಾರ

ರಾಜೀವನಗರದ ಅಕ್ಕನ ಮನೆಯಲ್ಲಿರುವ ಶಿವಪ್ರಕಾಶ್ ಅವರಿಗೆ ಕುಸುಮಳ ನಮಸ್ಕಾರ.

ಫೋನ್ ಮಾಡಬಹುದಿತ್ತು. ಆದರೆ ನೀವು ‘ಹಲೋ’ ಅನ್ನುವ ದನಿಗೇ ನನಗೆ ಸಿಟ್ಟು ಬರುತ್ತದೆ, ನನ್ನ ಸಿಟ್ಟು ಕೇಳಿ ನಿಮಗೂ ಬರುತ್ತದೆ. ಕಾಗದದಲ್ಲಾದರೆ ನೀವು ನಡುವೆ ಬಾಯಿ ಹಾಕುವ ಹಾಗಿಲ್ಲ. ಪೂರ್ತಿ ಓದಿ. ಬಿ.ಪಿ. ಮಾತ್ರೆ ಬಿಡಬೇಡಿ.

ನಮ್ಮ ಅನು ವಿಷಯ, ಅವಳ ಗಾಡಿಯ ವಿಷಯ ಬರೆಯಬೇಕು. ನೀವು ಮನೆ ಬಿಟ್ಟು ಹೋದಾಗ ಅದು ಇನ್ನೂ ಗಾಡಿಯಾಗಿರಲಿಲ್ಲ. ಶೆಡ್ಡಿನ ತುಂಬ ಮಂಡಿ ಮೊಹಲ್ಲಾದ ಗುಜರಿಯಿಂದ ತಂದ ಜೀಪಿನ ಎಂಜಿನ್ನು, ತುಕ್ಕು ಹಿಡಿದ ಆಕ್ಸಲ್ಲು, ಒಂದಷ್ಟು ಕಬ್ಬಿಣದ ಪೈಪು. ‘ಫ್ಯಾಕ್ಟ್ರಿ ಕೆಲ್ಸ ಬುಟ್ಟು ಗುಜರಿ ಜೋಡಿಸ್ತಾಳಂತೆ, ಸಾಯೋಕೆ ದಾರಿ ಮಾಡ್ಕೊತಾವ್ಳೆ’ ಅಂದು ಬ್ಯಾಗು ಎತ್ತಿಕೊಂಡಿರಿ. ನಮ್ಮಿಬ್ಬರ ಮುನಿಸು ಎಷ್ಟು ಹಳೆಯದು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಗಾಡಿ ಒಂದು ನೆಪವಾಯಿತು ಅಷ್ಟೆ. ಆದರೆ ಅನು ಮಾತ್ರ ತನ್ನಿಂದಲೇ ಅಪ್ಪ ಹೋದರು ಅಂದುಕೊಂಡಿದ್ದಾಳೆ. ಬಾಯಿ ಬಿಟ್ಟು ಹೇಳುವುದಿಲ್ಲ. ಊಟಕ್ಕೆ ಕೂತಾಗ ನಿಮ್ಮ ಜಾಗ ಬಿಟ್ಟು ಕೂರುತ್ತಾಳೆ.

ಅದು ಜೋರಾಗಿ ಓಡುವ ಗಾಡಿ ಅಂತ ನೀವು ಹೆದರಿದಿರಿ. ನಾನೂ ಹಾಗೇ ಅಂದುಕೊಂಡಿದ್ದೆ. ಅಲ್ಲ ಕಣ್ರೀ. ಅದರ ಕೆಲಸ ಬಂಡೆ ಹತ್ತುವುದು. ನಡೆದು ಹೋಗುವವರಿಗಿಂತ ನಿಧಾನ ಅದು. ಒಂದೊಂದು ಚಕ್ರವೂ ತನ್ನ ಪಾಡಿಗೆ ತಾನು ಮೇಲೆ ಕೆಳಗೆ ಆಡುತ್ತದೆ. ಟೈರಿನ ಗಾಳಿಯನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿಬಿಡುತ್ತಾಳೆ, ಆಗ ಅದು ಕಲ್ಲನ್ನು ಅವುಚಿಕೊಳ್ಳುತ್ತದಂತೆ. ಮೈಗೆ ತಗಡು ಇಲ್ಲ, ಬಾಗಿಲಿಲ್ಲ. ಸುತ್ತಲೂ ಪೈಪಿನ ಪಂಜರ. ಗಾಡಿ ಮಗುಚಿದರೂ ಒಳಗಿರುವವರ ತಲೆ ಉಳಿಯಬೇಕು, ಅದಕ್ಕೆ.

ಆ ಪಂಜರವನ್ನು ಅವಳು ಎರಡು ಸಲ ಕಟ್ಟಿದಳು. ಮೊದಲನೆಯದು ನನ್ನ ಕಣ್ಣಿಗೆ ತುಂಬ ಚೆನ್ನಾಗಿತ್ತು. ಕುಂಕುಮ ಇಟ್ಟು ಪೂಜೆ ಮಾಡೋಣವೇ ಅಂದೆ. ಅವಳು ಸುತ್ತಿಗೆ ತಂದು ಮೂಲೆಮೂಲೆಗೂ ಹೊಡೆದು ನೋಡಿದಳು. ಒಂದು ಕಡೆ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಒಂದೇ ಒಂದು ಕಡೆ. ಅಷ್ಟಕ್ಕೇ ತಿಂಗಳುಗಟ್ಟಲೆ ಮಾಡಿದ್ದನ್ನೆಲ್ಲ ಕತ್ತರಿಸಿ ಹಾಕಿದಳು. ‘ಅದೊಂದನ್ನ ಮತ್ತೆ ಬೆಸೆದ್ರೆ ಸಾಲ್ದೇನೆ?’ ಅಂತ ಕೇಳಿದೆ. ‘ಒಂದು ತಪ್ಪಾಗಿದೆ ಅಂದ್ರೆ ಆಗ ನನ್ನ ಕೈ ಇನ್ನೂ ಪಳಗಿರ್ಲಿಲ್ಲ ಅಂತ ಅರ್ಥ ಕಣಮ್ಮ, ಮಿಕ್ಕಿದ್ದನ್ನ ಎಂಗೆ ನಂಬ್ಲಿ?’ ಅಂದಳು. ಅಳಲಿಲ್ಲ. ಒಂದು ತಟ್ಟೆ ಉಪ್ಪಿಟ್ಟು ತಿಂದು ಹೊಸ ಪೈಪು ಅಳೆಯಲು ಕೂತಳು. ಆ ಹೊತ್ತು ನಾನು ಅವಳನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ಇವಳು ಅನಿಸಿತು.

ಎರಡನೆಯ ಸಲ ನನ್ನನ್ನೂ ಸೇರಿಸಿಕೊಂಡಳು. ಪೈಪಿಗೆ ಪೈಪು ಕೂಡುವ ಕಡೆ ತುದಿಯನ್ನು ಬಾಗಿಸಿ ಕತ್ತರಿಸಬೇಕು, ಇಲ್ಲವಾದರೆ ಸಂದಿ ಉಳಿಯುತ್ತದೆ. ರವಿಕೆಗೆ ತೋಳು ಕೂರಿಸುವ ಹಾಗೆಯೇ ಇದೆಯಲ್ಲ ಅಂದೆ. ಅವಳಿಗೆ ನಗು. ಆಮೇಲೆ ನಾನು ದಪ್ಪ ಕಾಗದದಲ್ಲಿ ಅಚ್ಚು ಕತ್ತರಿಸಿ ಕೊಡುತ್ತಿದ್ದೆ, ಅವಳು ಅದನ್ನು ಪೈಪಿಗೆ ಸುತ್ತಿ ಗುರುತು ಹಾಕಿಕೊಳ್ಳುತ್ತಿದ್ದಳು. ನಮ್ಮ ಹೊಲಿಗೆ ಮಿಷಿನ್ನು ಮೂಲೆ ಸೇರಿ, ಗಿರಾಕಿಗಳು ಬೈದುಕೊಂಡು ಹೋದರು. ಹೋಗಲಿ.

ಈ ಆಟಕ್ಕೆ ಇಬ್ಬರು ಬೇಕು. ಒಬ್ಬರು ಓಡಿಸಬೇಕು, ಇನ್ನೊಬ್ಬರು ಮುಂದೆ ಕೆಳಗೆ ನಿಂತು ಕೈಸನ್ನೆಯಲ್ಲಿ ದಾರಿ ತೋರಿಸಬೇಕು, ಅವರಿಗೆ ಸ್ಪಾಟರ್ ಅಂತಾರೆ. ಸೀಟಿನಲ್ಲಿ ಕೂತವರಿಗೆ ತಮ್ಮ ಚಕ್ರ ಯಾವ ಕಲ್ಲಿನ ಮೇಲಿದೆ ಅಂತ ಕಾಣುವುದಿಲ್ಲ. ‘ಅಪ್ಪ ಬಸ್ಸು ರಿವರ್ಸ್ ತಗೊಳ್ಳೋವಾಗ ಕಂಡಕ್ಟ್ರು ಹಿಂದೆ ನಿಂತು ಬರ್ಲಿ ಬರ್ಲಿ ಅಂತಿರ್ಲಿಲ್ವಾ, ಅಂಗೇ ನೀನು’ ಅಂದಳು. ನನಗೆ ಸೈಕಲ್ಲೂ ಬರುವುದಿಲ್ಲ ಅಂದೆ. ‘ನಿಂಗೆ ಓಡ್ಸೋದು ಬರ್ಬೇಕಿಲ್ಲ, ನಂಗೆ ನಿನ್ನ ಮೇಲೆ ನಂಬಿಕೆ ಇರ್ಬೇಕು ಅಷ್ಟೆ’ ಅಂದಳು. ಆ ಮಾತಿಗೆ ಒಪ್ಪಿಕೊಂಡುಬಿಟ್ಟೆ.

ನಿನ್ನೆ ಭಾನುವಾರ ಶ್ರೀರಂಗಪಟ್ಟಣದ ಆಚೆ, ಕೆಲಸ ನಿಲ್ಲಿಸಿದ ಒಂದು ಕಲ್ಲುಕ್ವಾರಿಯಲ್ಲಿ ಸ್ಪರ್ಧೆ. ಬಂದ ಗಾಡಿಗಳಲ್ಲಿ ಹೆಚ್ಚಿನವು ದೊಡ್ಡ ಊರುಗಳ ಗ್ಯಾರೇಜುಗಳಲ್ಲಿ ಮಾಡಿಸಿದವು, ಮಿರಮಿರ ಮಿಂಚುತ್ತಿದ್ದವು. ನಮ್ಮದಕ್ಕೆ ಬಣ್ಣವೂ ಪೂರ್ತಿ ಆಗಿರಲಿಲ್ಲ. ನಾನು ಚೂಡಿದಾರಕ್ಕೆ ದುಪಟ್ಟಾ ಬಿಗಿದು, ತಲೆಗೆ ಹೆಲ್ಮೆಟ್ ಹಾಕಿಕೊಂಡು ನಿಂತೆ. ಸ್ಪರ್ಧೆ ನಡೆಸುವ ಮೃತ್ಯುಂಜಯ ಅನ್ನುವವರು ‘ಮೇಡಂ, ನಿಮ್ಮ ಸ್ಪಾಟರ್ ಎಲ್ಲಿ?’ ಅಂತ ಅನುವನ್ನು ಕೇಳಿದರು. ಅವಳು ನನ್ನನ್ನು ತೋರಿಸಿದಳು. ಪಾಪ, ಅವರು ನಗದೆ ಇರಲು ಪ್ರಯತ್ನಪಟ್ಟರು.

ಮೊದಲ ಬಂಡೆಗಳನ್ನೆಲ್ಲ ಗಾಡಿ ಉಡದ ಹಾಗೆ ಹತ್ತಿ ಇಳಿಯಿತು. ಕೊನೆಯದು ಇಳಿಜಾರಾದ ಒಂದು ಹಾಸುಬಂಡೆ, ಬಲಗಡೆ ಎರಡಾಳು ಆಳದ ಹೊಂಡ. ಅರ್ಧ ಹತ್ತುವಷ್ಟರಲ್ಲಿ ಗಾಡಿ ಹೊಂಡದ ಕಡೆಗೆ ವಾಲಿ, ಎಡಗಡೆಯ ಮುಂದಿನ ಚಕ್ರ ಬಂಡೆ ಬಿಟ್ಟು ಮೇಲೆದ್ದಿತು. ಸುತ್ತ ನಿಂತವರೆಲ್ಲ ‘ರಿವರ್ಸ್ ತಗೊಳಮ್ಮಾ, ರಿವರ್ಸ್!’ ಅಂತ ಕಿರುಚಿದರು. ಆದರೆ ಹಿಂದಿನ ಬಲಗಡೆ ಚಕ್ರ ಒಂದು ಸಡಿಲ ಕಲ್ಲಿನ ಮೇಲಿತ್ತು. ಅದು ಕಾಣುತ್ತಿದ್ದದ್ದು ನನಗೊಬ್ಬಳಿಗೆ. ಹಿಂದೆ ಸರಿದರೆ ಕಲ್ಲು ಜಾರಿ ಗಾಡಿ ಮಗುಚುವುದು ಖಂಡಿತ. ನಾನು ಮುಷ್ಟಿ ಎತ್ತಿದೆ, ನಿಲ್ಲು ಅಂತ. ನಿಂತಳು.

ಗಾಡಿ ವಾಲಿದಾಗ ಚಕ್ರವನ್ನು ವಾಲಿದ ಕಡೆಗೇ ತಿರುಗಿಸಬೇಕು, ಆಗ ಅದು ನೆಟ್ಟಗಾಗುತ್ತದೆ ಅಂತ ಶೆಡ್ಡಿನ ಹಿಂದೆ ಕಲ್ಲು ಗುಡ್ಡೆ ಹಾಕಿ ಅವಳೇ ನನಗೆ ಕಲಿಸಿದ್ದಳು. ಅಂದರೆ ಈಗ ನಾನು ಹೊಂಡದ ಕಡೆಗೆ ಕೈ ತೋರಿಸಬೇಕು. ಹೆತ್ತ ಮಗಳಿಗೆ ಹೊಂಡ ತೋರಿಸಿ ಬಾ ಅನ್ನಬೇಕು. ಎತ್ತಿದ ಮುಷ್ಟಿ ಬಿಚ್ಚಲು ಮನಸ್ಸು ಬರಲಿಲ್ಲ ರೀ. ಅವಳು ಯಾರ ಕೂಗಿಗೂ ತಲೆ ತಿರುಗಿಸಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದಳು. ಕೊನೆಗೆ ಅವಳ ಬಲಕ್ಕೆ, ಹೊಂಡದ ಕಡೆಗೇ ತೋರಿಸಿದೆ. ಒಂದು ಕ್ಷಣವೂ ಅನುಮಾನಿಸದೆ ತಿರುಗಿಸಿದಳು. ಎದ್ದ ಚಕ್ರ ಧಪ್ಪನೆ ಬಂಡೆಗೆ ಕೂತಿತು. ಅಂಗೈ ಮಡಚಿ ಮಡಚಿ ಕರೆದೆ. ಗಾಡಿ ಕೊಸರಾಡಿತು, ಬುಸುಗುಟ್ಟಿತು, ಮೆಲ್ಲಮೆಲ್ಲಗೆ ನನ್ನ ಎದುರಿಗೇ ಎದ್ದು ಬಂದು ಬಂಡೆಯ ನೆತ್ತಿಯ ಮೇಲೆ ನಿಂತಿತು.

ಬೆಲ್ಟು ಬಿಚ್ಚಿ ಇಳಿದವಳೇ ಮೊದಲು ಮಂಡಿಯೂರಿ ಪಂಜರದ ಬೆಸುಗೆ ನೋಡಿದಳು. ಒಂದೂ ಬಿಟ್ಟಿರಲಿಲ್ಲ. ಆಮೇಲೆ ಬಂದು ನನ್ನನ್ನು ತಬ್ಬಿಕೊಂಡಳು. ಮೈಯೆಲ್ಲ ಎಣ್ಣೆ, ಧೂಳು. ಚಿಕ್ಕವಳಿದ್ದಾಗಿನ ವಾಸನೆ ಅದರೊಳಗೂ ಇತ್ತು.

ಮೊದಲ ಬಹುಮಾನ ಬರಲಿಲ್ಲ. ಹೊತ್ತಿನ ಲೆಕ್ಕದಲ್ಲಿ ಹಿಂದೆ ಬಿದ್ದು ಮೂರನೆಯದು ಬಂತು. ಆದರೆ ಆ ಹಾಸುಬಂಡೆ ಹತ್ತಿದ ಗಾಡಿ ನಮ್ಮದೊಂದೇ. ಮೃತ್ಯುಂಜಯ ಅವರು ಪಂಜರದ ಮೂಲೆಮೂಲೆ ಸವರಿ ನೋಡಿ, ತಮಗೂ ಇಂಥದ್ದೊಂದು ಕಟ್ಟಿಕೊಡಬೇಕು ಅಂತ ಅಲ್ಲೇ ಕೇಳಿಕೊಂಡರು. ‘ಅವಸರ ಮಾಡ್ಬಾರ್ದು, ಅಂಗಿದ್ರೆ ಮಾತ್ರ’ ಅಂದಳು ನಿಮ್ಮ ಮಗಳು. ಆ ಗತ್ತು ಎಲ್ಲಿಂದ ಬಂತು ಅಂತ ನಾನು ಹೇಳಬೇಕಿಲ್ಲ.

ಇವತ್ತು ನಾನು ಬೆಳಿಗ್ಗೆಯಿಂದ ಸುಮ್ಮನೆ ಕೂತಿದ್ದೇನೆ. ಶೆಡ್ಡಿನಿಂದ ಅವಳು ಹಾಡಿಕೊಳ್ಳುವುದು ಕೇಳುತ್ತಿದೆ. ಆರೋಗ್ಯ ನೋಡಿಕೊಳ್ಳಿ.

ಇಂತಿ,
ಅನುವಿನ ಅಮ್ಮ, ಅವಳ ಸ್ಪಾಟರ್,
ಕುಸುಮ

ಮರೆತ ಮಾತು: ಇಷ್ಟು ಬಿಡಿಸಿ ಬರೆದದ್ದು ಯಾಕೆಂದರೆ, ನೀವು ನಿಂತಿದ್ದ ಜಾಗದಿಂದ ಚಕ್ರಗಳು ಕಾಣುತ್ತಿರಲಿಲ್ಲ. ಹುಣಸೆ ಮರದ ಕೆಳಗೆ, ಬೈಕಿಗೆ ಒರಗಿ, ಆ ಬಿಸಿಲಲ್ಲೂ ಹೆಲ್ಮೆಟ್ ತೆಗೆಯದೆ ನಿಂತಿದ್ದಿರಿ. ನೀವು ನಿಲ್ಲುವ ರೀತಿ ನನಗೆ ಗೊತ್ತಾಗುವುದಿಲ್ಲವೇ? ಗಾಡಿ ಮೇಲೆ ಬಂದ ಮೇಲೆ ತಿರುಗಿದರೆ, ಹೆಲ್ಮೆಟ್ಟಿನ ಗಾಜು ಎತ್ತಿ ಕಣ್ಣೊರೆಸಿಕೊಳ್ಳುತ್ತಿದ್ದಿರಿ. ಅನು ನಿಮ್ಮನ್ನು ನೋಡಲಿಲ್ಲ. ನಾನೂ ಹೇಳಿಲ್ಲ. ಅಪ್ಪ ಬಂದಿದ್ದರು ಅನ್ನುವುದನ್ನು ಅವಳು ನಿಮ್ಮ ಬಾಯಿಂದಲೇ ಕೇಳಬೇಕು.